ಹೇಳಿದ್ದು ಸುಜಾತಾ ಅಲ್ಲ

ಸವಿತಾ, ನೀನು ಮನೆಯವರಿಗೆ ತಿಳಿಸದೆ ಒಡಿಶಾಕ್ಕೆ ಹೊರಟಿದ್ದ ವಿಷಯವನ್ನು ನಿನ್ನ ಅವ್ವನಿಗೆ ಹೇಳಿದವಳು ಸುಜಾತಾ ಅಲ್ಲ. ನಾನು. ಹೊಸಪೇಟೆಯ ಆ ಮಹಡಿ ಮೇಲಿನ ಕೋಣೆಯಲ್ಲಿ ನಿನ್ನ ಎದುರು ಕುಳಿತು, ನೀನು ಹೇಳಿದ್ದು ಈ ಬಾಗಿಲು ದಾಟುವುದಿಲ್ಲ ಎಂದು ಮಾತು ಕೊಟ್ಟಿದ್ದ ನಾನು. ನೀನು ಅಕ್ಕ ಎಂದು ಕರೆದ ನಾನು.

ಇಷ್ಟು ಬರೆದು ಎದ್ದು ಹೋಗಿ ನೀರು ಕುಡಿದು ಬಂದೆ. ಹತ್ತು ವರ್ಷ ಮೀರಿತು — ಈ ವರ್ಷದವರೆಗೆ ಒಂದು ಸಲವೂ ಈ ಮಾತು ನನ್ನ ಮನಸ್ಸಿನೊಳಗೆ ಕೂಡ ಪೂರ್ತಿಯಾಗಿರಲಿಲ್ಲ. ನಾನೂ ಒಂದು ಮಾತು ಆಡಿದ್ದಿರಬಹುದು... ಅವರಿಗೆ ಮೊದಲೇ ಅನುಮಾನ ಇತ್ತಲ್ಲ... ಹೀಗೆ ಅರ್ಧಂಬರ್ಧ ಯೋಚಿಸಿ ಅಲ್ಲಿಗೇ ಬಿಟ್ಟುಬಿಡುತ್ತಿದ್ದೆ. ಎದುರಿಗೆ ನಿಂತು ಹೇಳಹೊರಟರೆ ಮತ್ತೆ ನುಣುಚಿಕೊಳ್ಳುತ್ತೇನೆ ಎಂದು ನನ್ನ ಮೇಲೆ ನನಗೇ ಗುಮಾನಿ. ಅದಕ್ಕೇ ಮೊದಲು ಬರೆಯುತ್ತಿದ್ದೇನೆ. ನಿನಗೆ ಗೊತ್ತಿರುವುದನ್ನೂ ಸೇರಿಸಿ ಬರೆಯುತ್ತೇನೆ. ಯಾಕೆಂದರೆ ನಿನಗೆ ಗೊತ್ತಿದೆ ಎಂದು ನೀನು ತಿಳಿದಿರುವುದರಲ್ಲೂ ಅರ್ಧ ಸುಳ್ಳಿದೆ, ಮತ್ತು ಆ ಸುಳ್ಳು ನನ್ನದು.

ಆಪ್ತಸಮಾಲೋಚನೆಗೆಂದು ನನ್ನಲ್ಲಿಗೆ ಬಂದಾಗ ನೀನು ಯಶವಂತನಗರದ ಗಣಿ ಲ್ಯಾಬಿನಲ್ಲಿ ಕೆಲಸದಲ್ಲಿದ್ದೆ. ಅದಿರಿನ ಮಾದರಿ ಪರೀಕ್ಷೆ ಮಾಡುವ ಕೆಲಸ. ಹೊಸಪೇಟೆಯಲ್ಲಿ ಒಂದು ರೂಮು, ಜೊತೆಗೆ ಅದೇ ಲ್ಯಾಬಿನ ಸುಜಾತಾ, ಬೆಳಿಗ್ಗೆ ಹೋಗಿ ಸಂಜೆ ವಾಪಸು ಬರುವ ಕಂಪನಿ ಬಸ್ಸು. ನಿದ್ದೆ ಬರುವುದಿಲ್ಲ, ಎದೆ ಹಿಡಿದಂತಾಗುತ್ತದೆ ಎಂದು ಬಂದಿದ್ದೆ. ಕಿವಿಯ ಹಿಂದೆ ಕೆಂಪು ದೂಳು ಹಾಗೇ ಇತ್ತು. ಎರಡನೆಯ ಭೇಟಿಗೆಲ್ಲ ಎದೆ ಹಿಡಿಯುವುದು ಯಾಕೆಂದು ಇಬ್ಬರಿಗೂ ಗೊತ್ತಾಯಿತು. ನಿಮ್ಮೂರು ಕಂಪ್ಲಿಯಲ್ಲೇ ಇರುವ ನಿನ್ನ ಸೋದರಮಾವನ ಮಗನ ಜೊತೆ ನಿನ್ನ ಮದುವೆ ಎಂದು ನೀನು ಹುಟ್ಟಿದಾಗಲೇ ಮಾತಾಗಿತ್ತು. ಹುಡುಗ ಕೆಟ್ಟವನಲ್ಲ. ಆದರೆ ನಿನಗೆ ಬೇಡ, ಅಷ್ಟೇ. ಬೇಡ ಎನ್ನಲು ಒಂದು ಕಾರಣವನ್ನೂ ಕೊಡಲಾಗದೆ ನೀನು ಒದ್ದಾಡುತ್ತಿದ್ದೆ.

ಮೊದಲ ದಿನ ನೀನು ನನ್ನನ್ನು ಮೇಡಂ ಅಂದೆ. ನಾನೇ ತಿದ್ದಿದೆ.

"ಮೇಡಂ ಗೀಡಂ ಬ್ಯಾಡವ್ವ. ಅಕ್ಕ ಅನ್ನು."

ಈ ಮಾತಿನ ಬಗ್ಗೆ ನಾನು ಎಷ್ಟು ಬೀಗಿದ್ದೇನೆ ಎಂದು ನಿನಗೆ ಗೊತ್ತಿಲ್ಲ. ಧಾರವಾಡದಲ್ಲಿ ಈ ವಿದ್ಯೆ ಕಲಿಯುವಾಗ ನಮಗೆ ಪಾಠ ಹೇಳುತ್ತಿದ್ದವರು ಒಬ್ಬ ವಯಸ್ಸಾದ ಮೇಷ್ಟ್ರು. ಎದುರಿಗೆ ಬಂದು ಕೂತವರಿಗೆ ನೀವು ಅವ್ವನೂ ಅಲ್ಲ, ಅಕ್ಕನೂ ಅಲ್ಲ. ಅವರ ಮನೆಯಲ್ಲಿ ಅಂಥವರು ಬೇಕಾದಷ್ಟು ಜನ ಇರುತ್ತಾರೆ, ಅವರಿಗೆ ಹೇಳಲಾಗದ್ದನ್ನು ಹೇಳಲಿಕ್ಕೇ ನಿಮ್ಮ ಬಳಿ ಬಂದಿರುತ್ತಾರೆ ಎನ್ನುತ್ತಿದ್ದರು. ನಾನು ಒಳಗೊಳಗೇ ನಕ್ಕಿದ್ದೆ. ಈ ಮನುಷ್ಯ ತುಂಗಭದ್ರೆಯ ಈ ದಡ ಕಂಡವರಲ್ಲ ಅಂದುಕೊಂಡಿದ್ದೆ. ನಮ್ಮ ಕಡೆ ಯಾವ ಹೆಣ್ಣುಮಗಳು ಮೇಡಂ ಎದುರು ಬಾಯಿ ಬಿಡುತ್ತಾಳೆ? ಮೊದಲು ಚಹಾ, ಆಮೇಲೆ ಯಾವೂರು, ಯಾರ ಪೈಕಿ, ಆಮೇಲೆ ಅಕ್ಕ — ಆಮೇಲೆ ಅಳು. ಇದು ನನ್ನ ಪದ್ಧತಿ. ಹೊಸದಾಗಿ ಈ ಕೆಲಸಕ್ಕೆ ಬಂದ ಹುಡುಗಿಯರಿಗೆ ಸಭೆಗಳಲ್ಲಿ ಇದನ್ನೇ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ.

ನಿಜ ಹೇಳಬೇಕೆಂದರೆ ನನಗೆ ಬೇಕಾದದ್ದು ಅಕ್ಕ ಎನ್ನುವವರು, ಅಳುವವರು, ಹೋಗುವಾಗ ನೀವು ಸಿಕ್ಕಿದ್ದು ನನ್ನ ಪುಣ್ಯ ಎಂದು ಕೈ ಹಿಡಿಯುವವರು. ನೆಟ್ಟಗೆ ಕೂತು, ಲೆಕ್ಕ ಹಾಕಿದಂತೆ ಮಾತಾಡಿ, ಸಮಯ ಮುಗಿದ ಕೂಡಲೇ ಏಳುವವರು ನನಗೆ ಸೇರುತ್ತಿರಲಿಲ್ಲ. ಅಂಥವರು ಮುಂದಿನ ವಾರ ಬರದಿದ್ದರೆ ಒಳಗೊಳಗೇ ಹಗುರಾಗುತ್ತಿತ್ತು. ಬಂದವರ ಕಷ್ಟ ಎಷ್ಟು ದೊಡ್ಡದು ಅನ್ನುವುದಕ್ಕಿಂತ, ಅವರು ನನ್ನನ್ನು ಏನೆಂದು ಕರೆಯುತ್ತಾರೆ ಅನ್ನುವುದೇ ನನಗೆ ಮುಖ್ಯವಾಗಿತ್ತೇ... ಇತ್ತು. ಪ್ರಶ್ನೆ ಯಾಕೆ ಹಾಕಿಕೊಳ್ಳಲಿ, ಇತ್ತು.

ಸುಜಾತಾ ಒಂದೇ ಸಲ ನಿನ್ನ ಜೊತೆ ನನ್ನ ಕೋಣೆಗೆ ಬಂದಿದ್ದಳು, ನೆನಪಿದೆಯಾ? ನಿನಗೆ ಜ್ವರ, ಒಬ್ಬಳೇ ಮೆಟ್ಟಿಲು ಹತ್ತಲಾರೆ ಎಂದು ಕರೆದುಕೊಂಡು ಬಂದಳು. ನಮಸ್ಕಾರ ಮೇಡಂ ಅಂದಳು. ಅಕ್ಕ ಅನ್ನು ಎಂದು ನಾನು ಅವಳಿಗೆ ಹೇಳಲಿಲ್ಲ. ಯಾವೂರು ಎಂದು ಕೇಳಿದೆ, ಸಂಡೂರು ಅಂದಳು. ಸಂಡೂರಲ್ಲಿ ಎಲ್ಲಿ ಎಂದೆ. ಅವಳು ಓಣಿಯ ಹೆಸರು ಹೇಳಿದಳು. ಅದರಲ್ಲೇ ನನಗೆ ತಿಳಿಯಬೇಕಾದ್ದು ತಿಳಿಯಿತು. ಅವಳ ಅಪ್ಪ ಮನೆಯಲ್ಲಿ ಬುದ್ಧನ ಪಟ ಹಾಕಿದ್ದಾರೆ ಎಂದು ನೀನು ಮೊದಲೇ ಹೇಳಿದ್ದೆಯಲ್ಲ. ನಿನಗೆ ಸ್ಟೀಲ್ ಲೋಟದಲ್ಲಿ ನೀರು ಕೊಟ್ಟೆ. ಅವಳಿಗೆ ಕಾಗದದ ಕಪ್ಪಿನಲ್ಲಿ ಕೊಟ್ಟೆ. ಕಪಾಟಿನಲ್ಲಿ ಇನ್ನೂ ಲೋಟಗಳಿದ್ದವು. ಬೇಕೆಂದೇ ಮಾಡಿದೆನೇ, ಗೊತ್ತಿಲ್ಲ ಎಂದು ಬರೆಯಲು ಹೋಗಿದ್ದೆ — ಗೊತ್ತಿಲ್ಲ ಅನ್ನುವುದೂ ಒಂದು ತಪ್ಪಿಸಿಕೊಳ್ಳುವಿಕೆ. ಕೈ ತಾನಾಗಿ ಆ ಕಪ್ಪಿಗೆ ಹೋಯಿತು. ನನ್ನ ಕೈ ಅದು. ಅವಳು ಆ ನೀರನ್ನು ಕುಡಿಯದೆ ಹಾಗೇ ಕಿಟಕಿಯಲ್ಲಿಟ್ಟು ಹೋದಳು. ಎಷ್ಟು ಸೊಕ್ಕು ಅಂದುಕೊಂಡೆ.

ನೀನು ಒಡಿಶಾದ ವಿಷಯ ಹೇಳಿದ್ದು ಹಂಪಿ ಬಜಾರಿನಲ್ಲಿ. ಆ ಕೋಣೆ ಇಕ್ಕಟ್ಟು, ಬಾ ಹೊರಗೆ ಕೂರೋಣ ಎಂದು ನಾನೇ ಬಸ್ಸು ಹತ್ತಿಸಿದ್ದೆ. ಇದೂ ನನ್ನ ಪದ್ಧತಿಯ ಹೆಚ್ಚುಗಾರಿಕೆ — ಅಕ್ಕ ತಂಗಿ ಹೋದಂತೆ ಹೋಗುವುದು. ಕಲ್ಲಿನ ಮಂಟಪದ ಕಟ್ಟೆಯ ಮೇಲೆ ಕುಳಿತು ನೀನು ಒಂದೇ ಉಸಿರಿಗೆ ಹೇಳಿದೆ. ಅಲ್ಲಿಯ ಒಂದು ಗಣಿಯ ಲ್ಯಾಬಿನಲ್ಲಿ ನಿನಗೂ ಸುಜಾತಾಳಿಗೂ ಕೆಲಸ ಸಿಕ್ಕಿದೆ, ನಾಗರಪಂಚಮಿ ಮುಗಿದ ಮೇಲೆ ಬುಧವಾರದ ರೈಲಿಗೆ ಟಿಕೆಟ್ಟು ಆಗಿದೆ, ನಿಶ್ಚಯಕ್ಕೆ ಮೊದಲೇ ಹೋಗಿಬಿಡುವುದು, ಮುಟ್ಟಿದ ಮೇಲೆ ಮನೆಗೆ ಫೋನು ಮಾಡುವುದು. ಹೇಳುವಾಗ ನಿನ್ನ ಮುಖ — ಅಷ್ಟು ದಿನದಲ್ಲಿ ನಿನ್ನ ಮುಖ ಹಾಗೆ ಸಡಿಲಾಗಿದ್ದನ್ನು ನಾನು ಕಂಡಿರಲಿಲ್ಲ.

"ಅಕ್ಕ, ಇದು ಸುಜಾತಾಗ ಬಿಟ್ರ ನಿಮಗ ಅಷ್ಟ ಗೊತ್ತು. ಯಾರ ಮುಂದೂ ಹೇಳಬ್ಯಾಡ್ರಿ."

"ನಾ ಯಾರ ಮುಂದ ಹೇಳ್ಲವ್ವ."

ನಿಜವಾಗಿಯೂ ಹಾಗೆಂದೇ ಅಂದುಕೊಂಡಿದ್ದೆ. ನಾನು ಹೇಳುತ್ತೇನೆಂದು ಯಾರಾದರೂ ಅಂದಿದ್ದರೆ ಅವರನ್ನು ಅಲ್ಲೇ ಜಾಡಿಸಿಬಿಡುತ್ತಿದ್ದೆ. ಅದಕ್ಕೇ ಮುಂದೆ ಆದದ್ದು ಇವತ್ತಿಗೂ ನನಗೆ ನಂಬಲಾಗುವುದಿಲ್ಲ.

ಪಂಚಮಿಗೆ ಮನೆಗೆ ಕರೆದವಳು ನೀನೇ. ಅಕ್ಕ ಬರಬೇಕು, ಅವ್ವ ನಿಮ್ಮನ್ನು ನೋಡಬೇಕು ಅಂತಾಳೆ ಎಂದೆ. ಹೋಗಬಾರದಿತ್ತು. ಮೇಷ್ಟ್ರ ಮಾತು ನೆನಪಾಗಿತ್ತು ಕೂಡ. ಆದರೆ ಪಂಚಮಿಗೆ ಹೆಣ್ಣುಮಕ್ಕಳೆಲ್ಲ ತವರಿಗೆ ಹೋಗುವಾಗ ಹೋಗಲು ನನಗೆ ಮನೆ ಇರಲಿಲ್ಲ. ನನ್ನ ಅವ್ವ ತೀರಿಕೊಂಡ ಮೇಲೆ ಅಣ್ಣ ಕರೆಯುವುದನ್ನು ಬಿಟ್ಟಿದ್ದ. ಇದು ನೆಪವಲ್ಲ ಸವಿತಾ — ನಾನು ಕಂಪ್ಲಿಯ ಬಸ್ಸು ಹತ್ತಿದ್ದು ನಿನಗಾಗಿ ಅಲ್ಲ, ನನಗಾಗಿ ಎಂದು ಹೇಳಲಿಕ್ಕೆ ಬರೆಯುತ್ತಿದ್ದೇನೆ.

ನಿನ್ನ ಮನೆಯಲ್ಲಿ ನನ್ನನ್ನು ಎಷ್ಟು ಚೆನ್ನಾಗಿ ನೋಡಿಕೊಂಡರು! ಎಳ್ಳುಂಡಿ, ಶೇಂಗಾದುಂಡಿ, ತಂಬಿಟ್ಟು — ತಿನ್ನಲಾರೆ ಎಂದರೂ ತಟ್ಟೆಗೆ ಬೀಳುತ್ತಲೇ ಇತ್ತು. ನೀನು ಹಿತ್ತಲಿನ ಬೇವಿನ ಮರದ ಜೋಕಾಲಿಯಲ್ಲಿ ಚಿಕ್ಕಪ್ಪನ ಮಕ್ಕಳ ಜೊತೆ ಇದ್ದೆ. ಹೊರಡುವ ಹೊತ್ತಿಗೆ ನಿನ್ನ ಅವ್ವ ನನ್ನನ್ನು ಅಡುಗೆಮನೆಗೆ ಕರೆದು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದರು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣದ ಬೇರು, ಎಲೆ ಅಡಿಕೆ, ಹಸಿರು ಖಣ. ಸೆರಗೊಡ್ಡಿ ಹಿಡಿದಾಗ ನನ್ನ ಕಣ್ಣಲ್ಲಿ ನೀರು ನಿಂತಿತು. ಎಷ್ಟೋ ವರ್ಷದ ಮೇಲೆ ಒಬ್ಬರು ನನಗೆ ಉಡಿ ತುಂಬಿದ್ದು.

"ಇವತ್ತಿನಿಂದ ಇದ ನಿನ್ನ ತವರಮನಿ. ನೀ ನನ್ನ ಹಿರೇ ಮಗಳು," ಅಂದರು.

ನಾನು ಕಾಲಿಗೆ ಬಿದ್ದೆ. ಎಬ್ಬಿಸಿ, ಪಕ್ಕದಲ್ಲಿ ಕೂತು, ನನ್ನ ಕೈ ಹಿಡಿದುಕೊಂಡೇ ಕೇಳಿದರು. ಧ್ವನಿ ಏರಿಸಲಿಲ್ಲ.

"ಆಕಿ ನಿಶ್ಚಯದ ಸೀರಿ ತರಾಕ ಕರದ್ರ ಬರವಲ್ಲಳು. ಬಂಗಾರ ತೋರ್ಸಿದ್ರ ನೋಡವಲ್ಲಳು. ಏನೋ ನಡಸ್ಯಾಳ. ಈ ಸಂಬಂಧ ತಪ್ಪಿದ್ರ ನನ್ನ ಅಣ್ಣನ ಮನಿ ಬಾಗಲಾ ನನಗ ಮುಚ್ಚತೈತವ್ವ. ತವರಿಲ್ಲದಾಕಿ ಬಾಳೇವು ಹೆಂಗಿರತೈತಿ ನಿನಗ ಹೇಳಬೇಕಾ? ನಿನಗ ಗೊತ್ತಿರತೈತಿ. ಮಗಳಾಗಿ ಹೇಳು."

ಆಪ್ತಸಮಾಲೋಚಕಿ ಆಗಿದ್ದರೆ ಉತ್ತರ ಸುಲಭವಿತ್ತು. ಸವಿತಾ ನನ್ನ ಹತ್ತಿರ ಏನು ಮಾತಾಡಿದ್ದಾಳೆ ಎಂದು ನಾನು ಹೇಳುವಂತಿಲ್ಲ, ಅವಳನ್ನೇ ಕೇಳಿ. ಇಷ್ಟೇ. ಅಲ್ಲಿಗೆ ಎದ್ದು ಬಸ್ ಸ್ಟ್ಯಾಂಡಿಗೆ ಬರುವುದು. ಆದರೆ ಉಡಿಯಲ್ಲಿ ಅಕ್ಕಿ ಹೊತ್ತುಕೊಂಡು ಕೂತಿದ್ದ ಹಿರೇ ಮಗಳಿಗೆ ಆ ಮಾತು ಬರಲಿಲ್ಲ. ಮಗಳಾದವಳು ಅವ್ವನಿಗೆ ನಾನು ಹೇಳುವಂತಿಲ್ಲ ಅನ್ನುತ್ತಾಳೆಯೇ? ನಿನಗೆ ಅಕ್ಕನಾದ ದಿನವೇ ನಿನ್ನ ಅವ್ವನಿಗೆ ಮಗಳೂ ಆಗುತ್ತೇನೆ ಎಂದು ಅಷ್ಟು ವರ್ಷ ಪದ್ಧತಿ ಪದ್ಧತಿ ಎಂದು ಬಡಬಡಿಸಿದ ನನಗೆ ಹೊಳೆದಿರಲಿಲ್ಲ.

"ಅವ್ವಾ, ಆಕಿ ಒಡಿಶಾಕ್ಕ ಹೊಂಟಾಳ. ಬುಧವಾರದ ಗಾಡಿಗೆ."

ಈ ಮಾತು ನನ್ನ ಬಾಯಿಂದ ಬಂತು. ನಾನು ಅದನ್ನು ಬೇರೆ ಯಾರೋ ಆಡಿದಂತೆ ಕೇಳಿಸಿಕೊಂಡೆ. ಹಿತ್ತಲಿನಲ್ಲಿ ನೀನು ನಗುವುದು ಕೇಳುತ್ತಿತ್ತು. ನಿನ್ನ ಅವ್ವ ನನ್ನ ಕೈ ಬಿಟ್ಟು, ಒಲೆಯ ಮೇಲಿದ್ದ ಹಾಲನ್ನು ಕೆಳಗಿಳಿಸಿ, "ಜಲ್ದಿ ಹೊಂಡವ್ವ, ಬಸ್ಸ ತಪ್ಪತೈತಿ," ಅಂದರು. ಅಷ್ಟೇ. ಹಿರೇ ಮಗಳ ಕೆಲಸ ಮುಗಿದಿತ್ತು.

ಹಿತ್ತಲಿಗೆ ಬಂದು ಹೋಗಿ ಬರ್ತೀನಿ ಅಂದಾಗ ನೀನು ಜೋಕಾಲಿಯಿಂದ ಹಾರಿ ಬಂದು ನನ್ನನ್ನು ಅಪ್ಪಿಕೊಂಡೆ. ಆಗ ಕಿವಿಯಲ್ಲಿ ಹೇಳಬಹುದಿತ್ತು. ಬಸ್ಸಿನಿಂದ ಫೋನು ಮಾಡಬಹುದಿತ್ತು. ಬುಧವಾರದವರೆಗೆ ದಿನಗಳಿದ್ದವು, ಎಲ್ಲ ದಿನವೂ ಫೋನು ನನ್ನ ಕೈಯಲ್ಲೇ ಇತ್ತು. ನಾನು ಮಾಡಲಿಲ್ಲ. ನಿನ್ನ ಅವ್ವ ನಿನ್ನ ಜೊತೆ ಸಮಾಧಾನದಿಂದ ಮಾತಾಡುತ್ತಾರೆ, ಎಲ್ಲ ಒಳ್ಳೆಯದಕ್ಕೇ ಆಗುತ್ತದೆ ಎಂದು ನನಗೆ ನಾನೇ ಕಥೆ ಹೇಳಿಕೊಂಡೆ.

ಅವರು ಮಾತಾಡಲಿಲ್ಲ. ನಿನ್ನನ್ನು ಹೊಸಪೇಟೆಗೆ ಹೋಗಲು ಬಿಟ್ಟು, ಬುಧವಾರ ಸ್ಟೇಷನ್ನಿಗೆ ಮಾವಂದಿರನ್ನು ಕಳಿಸಿದರು. ಪ್ಲಾಟ್‌ಫಾರಂ ಮೇಲೆ, ಅಷ್ಟು ಜನರ ಎದುರು, ನಿನ್ನ ಚೀಲವನ್ನು ಕಿತ್ತುಕೊಂಡರು. ನಾನು ಅಲ್ಲಿರಲಿಲ್ಲ. ಆದರೆ ನೀನು ಸುಜಾತಾಳ ಕಡೆ ತಿರುಗಿ ಅಂದ ಮಾತನ್ನು ಆಮೇಲೆ ನೀನೇ ನನಗೆ ಹೇಳಿದೆ — "ನಿನ್ನ ನಂಬಿದ್ದ ನನ್ನ ತಪ್ಪು. ಇನ್ನ ನನಗ ನಿನ್ನ ಮಾರಿ ತೋರಸಬ್ಯಾಡ." ರೈಲು ಬಂತು. ಅವಳು ಒಬ್ಬಳೇ ಹತ್ತಿದಳು.

ಆ ಸಂಜೆ ನಿನ್ನ ಅವ್ವ ಫೋನು ಮಾಡಿದರು. ಇದು ನಿನಗೆ ಗೊತ್ತೇ ಇಲ್ಲದ್ದು.

"ಯಾರ ಹೇಳಿದ್ರು, ಸುಜಾತಾನ ಹೇಳ್ಯಾಳೇನ ಅಂತ ಬಡಕೊಳ್ಳಾಕ ಹತ್ಯಾಳ. ನಿನ್ನ ಹೆಸರ ತಗದಿಲ್ಲವ್ವ. ಆ ಸಂಡೂರ ಹುಡುಗಿ ಮ್ಯಾಲ ಹಾಕೀನಿ. ಅವರೇನ ನಮ್ಮ ಮನಿಗೆ ಬರೋ ಪೈಕಿ ಅಲ್ಲಲ್ಲ, ಹೋಗ್ಲಿ ಬಿಡು."

ಅವಳೇನು ಮಾಡಿದ್ದಾಳೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಬಂದದ್ದು ಬೇರೆ ಮಾತು.

"ಆತವ್ವ," ಅಂದೆ.

ಒಂದೇ ಮಾತು. ಅಡುಗೆಮನೆಯಲ್ಲಿ ಆಡಿದ್ದನ್ನು ಬಾಯಿ ತಪ್ಪಿ ಬಂತು ಎಂದಾದರೂ ಹೇಳಬಹುದು. ಈ ಆತವ್ವ ಬಾಯಿ ತಪ್ಪಿ ಬಂದದ್ದಲ್ಲ. ಯೋಚಿಸಿ ಬಂದದ್ದು. ಸುಜಾತಾ ನನ್ನವಳಲ್ಲ, ನಿನ್ನ ಅವ್ವನ ಪೈಕಿಯೂ ಅಲ್ಲ, ಊರನ್ನೇ ಬಿಟ್ಟು ಹೋಗಿದ್ದಾಳೆ, ಅವಳಿಗೆ ಏನಾಗುತ್ತದೆ — ಇಷ್ಟೂ ಲೆಕ್ಕ ಆ ಒಂದು ಮಾತಿನೊಳಗಿತ್ತು. ನನ್ನೊಳಗೆ ಇಂಥ ಹೆಂಗಸೊಬ್ಬಳು ಕೂತಿದ್ದಾಳೆ ಎಂದು ನನಗೆ ಆವರೆಗೆ ಗೊತ್ತಿರಲಿಲ್ಲ.

ಮದುವೆಗೆ ಮೊದಲು ನೀನು ಒಂದು ಸಲ ನನ್ನ ಕೋಣೆಗೆ ಬಂದೆ. ಕಳಿಸಿದವರು ನಿನ್ನ ಅವ್ವನೇ. ಅಕ್ಕನ ಹತ್ತಿರ ಹೋಗಿ ಅತ್ತು ಹಗುರಾಗಿ ಬಾ ಎಂದಿದ್ದರಂತೆ. ಕೆಲಸ ಬಿಡಿಸಿದ್ದರು. ಮುಖದಲ್ಲಿ ರಕ್ತವೇ ಇರಲಿಲ್ಲ. ಕೂತವಳೇ ಅಂದೆ: "ಸುಜಾತಾನ ಹೇಳ್ಯಾಳಕ್ಕ. ನನ್ನ ಕುತ್ತಿಗಿ ಕೊಯ್ದಳು."

ನಾನು ಏನು ಮಾಡಿದೆ ಗೊತ್ತೇ? ಕುರ್ಚಿಯಲ್ಲಿ ಹಿಂದಕ್ಕೆ ಸರಿದು ಕೂತೆ. ಕೈ ಕಟ್ಟಿಕೊಂಡೆ. ಧಾರವಾಡದಲ್ಲಿ ಕಲಿತಿದ್ದ, ನಾನು ಎಂದೂ ಬಳಸದಿದ್ದ ಆ ಮಟ್ಟಸವಾದ ಧ್ವನಿ ತೆಗೆದೆ.

"ಆಕೀನ ಹೇಳ್ಯಾಳ ಅಂತ ನಿನಗ ಅನಸ್ತೈತಿ."

"ಅನಸೋದೇನ್ರೀ ಅಕ್ಕ, ನಿಮಗ ಆಕಿಗ ಬಿಟ್ರ ಯಾರಿಗೂ ಗೊತ್ತಿರಲಿಲ್ಲ. ನೀವ ಹೇಳ್ರಿ, ಆಕೀನ ಅಲ್ಲಾ?"

"ಅದನ್ನ ನಾ ಹೇಳಾಕ ಬರಂಗಿಲ್ಲವ್ವ. ನಿನಗ ಏನ ಅನಸ್ತೈತಿ ಅನ್ನೋದ ಮುಖ್ಯ."

ನೀನು ನನ್ನನ್ನು ದಿಟ್ಟಿಸಿ ನೋಡಿದೆ. ಒಂದು ಕ್ಷಣ ನಿನಗೆ ತಿಳಿದೇಹೋಯಿತು ಅಂದುಕೊಂಡೆ. ಆದರೆ ನೀನು ಅಕ್ಕನ ಬಗ್ಗೆ ಹಾಗೆ ಯೋಚಿಸುವವಳಲ್ಲ. ತಲೆ ತಗ್ಗಿಸಿ ಅತ್ತೆ. ನಾನು ನೋಡುತ್ತಾ ಕೂತೆ. ತಲೆಯ ಮೇಲೆ ಕೈ ಇಡಲಿಲ್ಲ, ನೀರು ಕೊಡಲಿಲ್ಲ.

ಸವಿತಾ, ನನ್ನನ್ನು ನನಗೇ ಅಸಹ್ಯ ಮಾಡಿದ್ದು ಇದು. ನಿನ್ನ ಅವ್ವ ಕೇಳಿದಾಗ ನಾನು ಮಗಳಾದೆ, ಹೇಳಿಬಿಟ್ಟೆ. ನೀನು ಕೇಳಿದಾಗ ಆಪ್ತಸಮಾಲೋಚಕಿಯಾದೆ, ಹೇಳಲಿಲ್ಲ. ಎರಡು ವೇಷ ನನ್ನ ಬಳಿ ಇದ್ದವು. ಯಾವಾಗ ಯಾವುದು ನನಗೆ ಅನುಕೂಲವೋ ಅದನ್ನು ತೊಟ್ಟೆ. ಬೇರೆಯವರ ನೋವು ಕೇಳಲೆಂದು ಕಲಿತ ವಿದ್ಯೆಯನ್ನು ನನ್ನ ಮುಖ ಮುಚ್ಚಿಕೊಳ್ಳಲು ಬಳಸಿದೆ. ಅದು ಎಷ್ಟು ಚೆನ್ನಾಗಿ ಕೆಲಸ ಮಾಡಿತು ನೋಡು — ನೀನು ಹೋಗುವಾಗ ಕೈ ಮುಗಿದೆ.

ಮಾವನ ಮಗನ ಜೊತೆ ನಡೆದ ನಿನ್ನ ಮದುವೆಗೆ ಬಂದೆ. ಪಂಕ್ತಿಯಲ್ಲಿ ಹೋಳಿಗೆಗೆ ತುಪ್ಪ ಬಡಿಸಿದೆ. ಆಮೇಲೆ ನೀನು ಗಂಡನ ರೈಸ್ ಮಿಲ್ಲಿನ ಲೆಕ್ಕ ನೋಡಿಕೊಂಡು, ಎರಡು ಮಕ್ಕಳ ತಾಯಿಯಾಗಿ, ನಗುನಗುತ್ತಲೇ ಇದ್ದೀಯ. ಪ್ರತಿ ಪಂಚಮಿಗೆ ಫೋನು ಮಾಡುತ್ತೀಯ, ಅಕ್ಕ ತವರಿಗೆ ಬರ್ರಿ ಅನ್ನುತ್ತೀಯ. ನೋಡು, ಚೆನ್ನಾಗೇ ಇದ್ದಾಳಲ್ಲ ಎಂದು ನಾನು ಬೆನ್ನು ತಟ್ಟಿಕೊಂಡ ದಿನಗಳೂ ಇವೆ. ಒಂದು ಸಲ ಮಗಳ ಶಾಲೆಯ ವಿಷಯ ಮಾತಾಡುತ್ತಾ ನೀನು, ಆಕೆಗೆ ಯಾವ ಗೆಳತಿಯನ್ನೂ ಪೂರ್ತಿ ನಂಬಬ್ಯಾಡ ಅಂತ ಹೇಳಿಕೊಟ್ಟಿದ್ದೀನಕ್ಕ ಅಂದೆ. ಆದರೂ ಹೇಳಲಿಲ್ಲ. ಹೇಳುತ್ತಲೂ ಇರಲಿಲ್ಲ. ಈ ವರ್ಷ ಸುಜಾತಾ ನನ್ನ ಬಾಗಿಲಿಗೆ ಬರದಿದ್ದರೆ ನಾನು ಇದನ್ನು ಹೊತ್ತುಕೊಂಡೇ ಸಾಯುತ್ತಿದ್ದೆ.

ಹೌದು, ಬಂದಳು. ಇನ್ನು ಮುಂದಿನದನ್ನು ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. ಯಾವುದನ್ನು ನಿನಗೆ ತಿಳಿಸಬಹುದು ಎಂದು ಅವಳು ಒಪ್ಪಿದ್ದಾಳೋ ಅಷ್ಟನ್ನೇ ಬರೆಯುತ್ತೇನೆ. ಉಳಿದದ್ದು ಅವಳದು.

ಒಡಿಶಾದಿಂದ ವಾಪಸು ಬಂದು ಅವಳು ಯಶವಂತನಗರದ ಅದೇ ಲ್ಯಾಬಿನ ಉಸ್ತುವಾರಿ ವಹಿಸಿಕೊಂಡಿದ್ದಾಳೆ. ಬಾಗಿಲಲ್ಲಿ ನಿಂತಾಗ ನನಗೆ ಗುರುತು ಸಿಗಲಿಲ್ಲ. ಕೂದಲಿನಲ್ಲಿ ಅಲ್ಲಲ್ಲಿ ಬಿಳಿ. ಹೆಸರು ಹೇಳಿದಳು. ಗೊತ್ತಾಗಿದೆ, ಕೇಳಲಿಕ್ಕೆ ಬಂದಿದ್ದಾಳೆ ಅಂದುಕೊಂಡೆ. ಬೈಯಲಿ, ಬೈದು ಹೋಗಲಿ...

ಅವಳು ಬಂದದ್ದು ಅದಕ್ಕಲ್ಲ. ಸಹಾಯ ಕೇಳಿಕೊಂಡು ಬಂದಿದ್ದಳು. ನನ್ನ ಹತ್ತಿರ!

"ಸವಿತಾ ನಿಮ್ಮ ಬಗ್ಗೆ ಭಾಳ ಹೇಳ್ತಿದ್ಲು ಮೇಡಂ. ಯಾರಿಗೆ ಹೇಳದಿದ್ರೂ ಅವರಿಗೆ ಹೇಳಬಹುದು ಅಂತಿದ್ಲು. ಅದಕ್ಕ ಬಂದೆ."

ಆಮೇಲೆ ಹೇಳಿದಳು. ಅವತ್ತು ಪ್ಲಾಟ್‌ಫಾರಂ ಮೇಲೆ ನೀನು ಆ ಮಾತು ಅಂದಾಗ ಮೊದಲು ಸಿಟ್ಟು ಬಂದಿತ್ತಂತೆ. ರೈಲಿನಲ್ಲಿ ಹೋಗುತ್ತಾ ಹೋಗುತ್ತಾ ಸಿಟ್ಟು ಇಳಿದು ಅನುಮಾನ ಶುರುವಾಯಿತಂತೆ — ಸವಿತಾ ಸುಳ್ಳು ಹೇಳುವವಳಲ್ಲ, ಹಾಗಾದರೆ ನಾನೇ ಎಲ್ಲೋ ಬಾಯಿ ಬಿಟ್ಟಿದ್ದೇನೆಯೇ? ಟಿಕೆಟ್ಟು ತೆಗೆಯುವಾಗ ಕೌಂಟರಿನಲ್ಲಿ ಜೋರಾಗಿ ಮಾತಾಡಿದೆನೇ? ಅಪ್ಪನಿಗೆ ಫೋನಿನಲ್ಲಿ ಹೇಳಿದ್ದನ್ನು ಬಸ್ಸಿನಲ್ಲಿ ಯಾರಾದರೂ ಕೇಳಿಸಿಕೊಂಡರೇ? ಅಷ್ಟು ವರ್ಷ ಆ ಒಂದು ವಾರವನ್ನು ತಿರುತಿರುಗಿ ಜಾಲಾಡಿದ್ದಾಳೆ. ಅಲ್ಲಿಂದಾಚೆ ಯಾರೊಂದಿಗೂ ಎರಡು ಮಾತು ಹೆಚ್ಚಿಗೆ ಆಡಿಲ್ಲ. ಯಾರಾದರೂ ಗುಟ್ಟು ಹೇಳಲು ಬಂದರೆ, ನನಗೆ ಹೇಳಬೇಡಿ ಎಂದು ಎದ್ದು ಹೋಗುತ್ತಾಳಂತೆ.

"ಯಾರ ಮುಂದ ಹೇಳೀನಿ ಅನ್ನೋದು ನೆನಪಾಗವಲ್ಲದು ಮೇಡಂ. ನೆನಪಾದ್ರ ಆಕಿಗೆ ಹೋಗಿ ಕಾಲ ಮುಗದು ಬರ್ತೀನಿ. ನೆನಪ ಮಾಡಿಸೋ ದಾರಿ ಏನರ ಐತೇನ್ರಿ ನಿಮ್ಮಲ್ಲಿ?"

ಮಾಡದ ತಪ್ಪನ್ನು ನೆನಪಿಸಿಕೊಡಿ ಎಂದು, ಆ ತಪ್ಪು ಮಾಡಿದವಳ ಎದುರಿಗೇ ಕೂತು ಕೇಳುತ್ತಿದ್ದಾಳೆ. ಮತ್ತು ಸವಿತಾ — ಇದನ್ನು ಬರೆಯಲು ನಾಚಿಕೆಯಾಗುತ್ತದೆ — ಆಗಲೂ ನನ್ನ ನಾಲಿಗೆಗೆ ಮೊದಲು ಬಂದದ್ದು ಹಳೆಯ ಮಾತೇ. ನೀವೇ ಹೇಳಿದ್ದೀರಿ ಎಂದು ನಿಮಗೆ ಅನಿಸುತ್ತಿದೆ... ತುಟಿಯವರೆಗೂ ಬಂದಿತ್ತು. ಅವಳ ಮುಖ ನೋಡಿದೆ. ಆ ಮಾತನ್ನು ನುಂಗಿದೆ.

"ಹೇಳಿದಾಕಿ ನಾನವ್ವ. ಸವಿತಾನ ಅವ್ವಗ ಹೇಳಿದಾಕಿ ನಾನು."

ಅವಳಿಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಿದೆ. ಅಡುಗೆಮನೆಯಲ್ಲಿ ಆದದ್ದು, ಫೋನಿನಲ್ಲಿ ಆದದ್ದು, ನೀನು ಬಂದಾಗ ನಾನು ಆಡಿದ ನಾಟಕ, ಎಲ್ಲ ಹೇಳಿದೆ. ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ಕಾದೆ. ಅವಳು ಚಿಕ್ಕ ಮಕ್ಕಳು ಕೇಳುವ ಧ್ವನಿಯಲ್ಲಿ ಕೇಳಿದಳು.

"ಹಂಗಾದ್ರ... ನಾ ಹೇಳಿಲ್ಲ?"

"ಇಲ್ಲವ್ವ."

"ನಾ ಹೇಳಿಲ್ಲ," ಅಂದಳು. ಮತ್ತೆ, "ನಾ ಹೇಳಿಲ್ಲ." ಆಮೇಲೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನನ್ನ ಕಸುಬಿನಲ್ಲಿ ಅಳು ನೋಡಿ ನೋಡಿ ಮರಗಟ್ಟಿದವಳು ನಾನು. ಅಂಥ ಅಳುವನ್ನು ನಾನು ಕಂಡಿಲ್ಲ. ಹತ್ತಿರ ಹೋಗುವ ಧೈರ್ಯವಾಗಲಿಲ್ಲ, ಹೋಗುವ ಹಕ್ಕೂ ನನಗಿರಲಿಲ್ಲ.

ಕಣ್ಣೊರೆಸಿಕೊಂಡ ಮೇಲೆ ಅವಳು ಒಂದೇ ಪ್ರಶ್ನೆ ಕೇಳಿದಳು. ಅಷ್ಟು ಜನ ಇರುವಾಗ ನನ್ನ ಹೆಸರನ್ನೇ ಯಾಕೆ ತೆಗೆದರು? ಕೇಳಿದವಳೇ, ತಾನೇ ಕೈ ಅಡ್ಡ ಮಾಡಿದಳು. "ಬ್ಯಾಡ, ಹೇಳಬ್ಯಾಡ್ರಿ. ಗೊತ್ತೈತಿ." ನಾನು ಕ್ಷಮೆ ಎಂದು ಏನೋ ತೊದಲಿದೆ. ಅವಳು ಚೀಲ ಹೆಗಲಿಗೇರಿಸಿದಳು.

"ನನ್ನ ಮುಂದ ಹೇಳಿ ಹಗುರ ಆಗಬ್ಯಾಡ್ರಿ ಮೇಡಂ. ಸವಿತಾ ಇನ್ನೂ ನಾನ ಅಂತ ತಿಳಕೊಂಡಾಳ. ಆಕಿಗೆ ಹೇಳ್ರಿ. ಆಕಿ ಅವ್ವನ ಮುಂದ ಹೇಳ್ರಿ."

ಸವಿತಾಳನ್ನು ನೋಡಲು ಬರುತ್ತೀಯಾ ಎಂದು ಅವಳನ್ನು ಕೇಳಿದೆ. ಅದನ್ನು ಸವಿತಾಳೇ ಕರೆದು ಕೇಳಲಿ, ನೀವು ನಡುವೆ ಬರಬೇಡಿ ಅಂದಳು. ಮೆಟ್ಟಿಲಿಳಿದು ಹೋದಳು.

ಅಂದಿನಿಂದ ಆ ಕೋಣೆಗೆ ಬೀಗ ಹಾಕಿದ್ದೇನೆ. ಇದು ದೊಡ್ಡ ತ್ಯಾಗವೇನೂ ಅಲ್ಲ. ಅಲ್ಲಿ ಕೂತರೆ ಯಾರು ಏನು ಹೇಳಿದರೂ ನನಗೆ ಕೇಳಿಸುವುದಿಲ್ಲ, ಅದಕ್ಕೆ. ನನ್ನ ಅಕ್ಕತನವನ್ನು ಕಲಿತುಹೋದ ಹುಡುಗಿಯರೆಲ್ಲ ಈಗ ಎಲ್ಲೆಲ್ಲಿ ಕೂತು ಯಾರು ಯಾರಿಗೆ ಅಕ್ಕ ಅನ್ನು ಎಂದು ಹೇಳುತ್ತಿದ್ದಾರೋ ಎಂದು ನೆನೆದರೆ ದಿಗಿಲಾಗುತ್ತದೆ. ಒಬ್ಬೊಬ್ಬರಿಗೂ ಫೋನು ಮಾಡಿ, ನಾನು ಹೇಳಿದ್ದು ತಪ್ಪು, ಹೀಗಾಯಿತು ಎಂದು ಹೇಳುತ್ತಿದ್ದೇನೆ. ಕೆಲವರು ನಂಬುತ್ತಿಲ್ಲ.

ಭಾನುವಾರ ಕಂಪ್ಲಿಗೆ ಬರುತ್ತೇನೆ. ಈ ಕಾಗದ ಅದಕ್ಕೆ ಮೊದಲೇ ನಿನ್ನ ಕೈ ಸೇರುತ್ತದೆ, ಆದ್ದರಿಂದ ಬಾಗಿಲು ತೆರೆಯಬೇಕೋ ಬೇಡವೋ ಎಂದು ಯೋಚಿಸಲು ನಿನಗೆ ಸಮಯವಿದೆ. ಒಳಗೆ ಬಿಟ್ಟರೆ, ನಿನ್ನ ಅವ್ವನನ್ನೂ ಕರೆಸಿ, ಅವರ ಎದುರಿಗೇ ಎಲ್ಲವನ್ನೂ ಇನ್ನೊಮ್ಮೆ ಹೇಳುತ್ತೇನೆ. ಬಿಡದಿದ್ದರೆ ಓಣಿಯಲ್ಲೇ ನಿಂತು ಹೇಳುತ್ತೇನೆ. ನಿನ್ನ ಮಗಳಿಗೂ ಕೇಳಿಸಲಿ. ಆಮೇಲೆ ನೀನು ಏನು ಹೇಳಿದರೂ ಕೇಳಿಸಿಕೊಳ್ಳುತ್ತೇನೆ ಎಂದು ಬರೆಯಹೊರಟಿದ್ದೆ, ಕೈ ನಿಂತಿತು. ಕೇಳಿಸಿಕೊಂಡು ಸುಮ್ಮನೆ ಕೂರುವುದು ನನಗೆ ಚೆನ್ನಾಗಿ ಬರುತ್ತದೆ. ಈ ಸಲ ನೀನು ಕೇಳು ಸವಿತಾ, ಏನು ಬೇಕಾದರೂ ಕೇಳು. ನಾನು ಉತ್ತರ ಕೊಡುತ್ತೇನೆ.